ಗಾಲ್ಫ್‌ನಲ್ಲಿ ಗ್ರೀನ್ ಪಕ್ಕದ ಚಿಪ್: ಬೇಸಿಗೆಯ ಗಟ್ಟಿ ನೆಲದಲ್ಲಿ ಯಾವ ಕ್ಲಬ್, ಯಾವ ಹೊಡೆತ?

ಬೆಳಗಿನ ಟೀ

ನಮಸ್ಕಾರ. ಬೆಂಗಳೂರಿನಲ್ಲೇ ಗಾಲ್ಫ್ ಆಡ್ತೀನಿ, ಹ್ಯಾಂಡಿಕ್ಯಾಪ್ 22, ಅಂದ್ರೆ ಸಾಧಾರಣ ಆಟಗಾರ. ಟೀಯಿಂದ (ಮೊದಲ ಹೊಡೆತದ ಜಾಗ) ಗ್ರೀನ್ (ಗುಳಿ ಇರೋ ನುಣುಪು ಹುಲ್ಲಿನ ಜಾಗ) ಹತ್ತಿರದ ತನಕ ಆಟ ಸುಮಾರಾಗಿ ಹಿಡಿತಕ್ಕೆ ಬಂದಿದೆ. ಅಲ್ಲಿಂದ ಮುಂದೆ, ಅಂದ್ರೆ ಚೆಂಡನ್ನು ಸ್ವಲ್ಪ ಹಾರಿಸಿ ಗುಳಿ ಕಡೆ ಉರುಳಿಸೋ ಚಿಪ್‌ನಲ್ಲಿ, ಕಷ್ಟ. ಚೆಂಡು ಗ್ರೀನಿನ ಅಂಚಿನಿಂದ ಎರಡು ಮೂರು ಹೆಜ್ಜೆ ಆಚೆ ಇರುತ್ತೆ, ಫ್ಲ್ಯಾಗ್ ಹನ್ನೆರಡು ಹದಿನೈದು ಹೆಜ್ಜೆ ದೂರ. ಮಾರ್ಚ್ ಬಂತು ಅಂದ್ರೆ ಅಲ್ಲಿ ಹುಲ್ಲು ತೆಳ್ಳಗಾಗಿ ಕೆಂಪು ಮಣ್ಣು ಕಾಣೋಕೆ ಶುರುವಾಗುತ್ತೆ. ಚೆಂಡನ್ನು ಎತ್ತರಕ್ಕೆ ಎತ್ತೋ 60 ಡಿಗ್ರಿ ವೆಡ್ಜ್ ಕ್ಲಬ್ ತಗೊಂಡ್ರೆ ಒಂದು ಸಲ ಚೆಂಡಿನ ನೆತ್ತಿಗೆ ಬಿದ್ದು ಗ್ರೀನ್ ದಾಟಿ ಆ ಕಡೆ ಮರಳಿನ ಬಂಕರ್‌ಗೆ ಹೋಗುತ್ತೆ, ಇನ್ನೊಂದು ಸಲ ಕ್ಲಬ್ ನೆಲ ಕಚ್ಚಿ ಚೆಂಡು ಅಲ್ಲೇ ಉಳಿಯುತ್ತೆ.

ಎರಡು ಪ್ರಶ್ನೆ. 60 ಡಿಗ್ರಿ ಬಿಟ್ಟುಬಿಡಬೇಕಾ? ಮತ್ತೆ, ಕೈ ಚೆಂಡಿಗಿಂತ ಮುಂದೆ ಇಟ್ಟು ಹೊಡಿ ಅಂತ ಒಬ್ಬರು ಹೇಳ್ತಾರೆ, ಬೌನ್ಸ್ (ಕ್ಲಬ್ಬಿನ ತಳದ ಕೋನ) ಬಳಸು ಅಂತ ಇನ್ನೊಬ್ಬರು. ಎರಡನ್ನೂ ಒಟ್ಟಿಗೆ ಮಾಡೋದು ಹೇಗೆ ಅಂತ ನನಗೆ ತಿಳೀತಿಲ್ಲ.

ಸ್ಯಾಂಕಿ ರಸ್ತೆ

ಕ್ಲಬ್ ಯಾವುದು ಅನ್ನೋ ಪ್ರಶ್ನೆ ಎರಡನೆಯದು. ಚೆಂಡು ಎಲ್ಲಿ ಬೀಳಬೇಕು ಅನ್ನೋದು ಮೊದಲನೆಯದು. ಬಹಳ ಜನ ಬ್ಯಾಗಿನಿಂದ ವೆಡ್ಜ್ ಎಳೆದು, ಫ್ಲ್ಯಾಗ್ ಕಡೆ ನೋಡಿ, ಹೊಡೆದುಬಿಡ್ತಾರೆ. ಚೆಂಡಿನ ಹಿಂದೆ ನಿಂತು ಗ್ರೀನಿನ ಒಳಗೆ ಒಂದು ಹೆಜ್ಜೆಯಷ್ಟು ಜಾಗ ಗುರುತು ಮಾಡಿಕೊಳ್ಳಿ. ಅಲ್ಲಿ ಬಿದ್ದ ಚೆಂಡು ಎಷ್ಟು ದೂರ ಉರುಳಬೇಕು ಅಂತ ಲೆಕ್ಕ ಹಾಕಿ. ಕ್ಲಬ್ ತಾನಾಗೇ ತೀರ್ಮಾನವಾಗುತ್ತೆ.

ಹಳಬರು ಬಳಸೋ ಹನ್ನೆರಡರ ಲೆಕ್ಕ ಅಂತ ಒಂದಿದೆ. ನಿಮ್ಮದೇ ಉದಾಹರಣೆ ತಗೊಳ್ಳಿ: ಗುಳಿ ಹನ್ನೆರಡು ಹೆಜ್ಜೆ ದೂರ. ಚೆಂಡನ್ನು ಮೂರು ಹೆಜ್ಜೆ ಹಾರಿಸಿ ಗ್ರೀನಿನ ಒಳಗೆ ಬೀಳಿಸಿದ್ರೆ ಉಳಿದ ಒಂಬತ್ತು ಹೆಜ್ಜೆ ಉರುಳಬೇಕು. ಒಂಬತ್ತನ್ನು ಮೂರರಿಂದ ಭಾಗಿಸಿದ್ರೆ 3. ಹನ್ನೆರಡರಲ್ಲಿ 3 ಕಳೆದ್ರೆ 9. ಕೈಗೆ 9ನೇ ನಂಬರಿನ ಐರನ್ ಕ್ಲಬ್, ಅಂದ್ರೆ 9 ಐರನ್, ಬರಬೇಕು. ಹಾರಾಟದ ನಾಲ್ಕರಷ್ಟು ಉರುಳಬೇಕಾದ್ರೆ 8 ಐರನ್, ಎರಡರಷ್ಟಾದ್ರೆ ಪಿಚಿಂಗ್ ವೆಡ್ಜ್, ಸಮಸಮ ಅಂದ್ರೆ ಸ್ಯಾಂಡ್ ವೆಡ್ಜ್. ಇದು ಮಟ್ಟಸವಾದ, ಮಧ್ಯಮ ವೇಗದ ಗ್ರೀನಿಗೆ. ಏರು ಇದ್ರೆ ಒಂದು ಕ್ಲಬ್ ಕಡಿಮೆ ಲಾಫ್ಟ್ (ಕ್ಲಬ್ ಮುಖದ ವಾಲು), ಇಳಿಜಾರು ಇದ್ರೆ ಒಂದು ಕ್ಲಬ್ ಹೆಚ್ಚು ಲಾಫ್ಟ್.

ಇದರಲ್ಲಿ 60 ಡಿಗ್ರಿಯ ಹೆಸರೇ ಇಲ್ಲ, ಗಮನಿಸಿ. ನಿಮ್ಮ ಮುಂದೆ ಬಂಕರ್ ಇಲ್ಲ, ದಿಬ್ಬ ಇಲ್ಲ, ಗುಳಿ ಅಂಚಿಗೆ ಅಂಟಿಕೊಂಡಿಲ್ಲ. ಚೆಂಡನ್ನು ಎತ್ತರಕ್ಕೆ ಕಳಿಸೋಕೆ ಕಾರಣವೇ ಇಲ್ಲ.

ಈ ಆಟಕ್ಕೆ ದೊಡ್ಡ ಮೇಷ್ಟ್ರು ಪಾಲ್ ರನ್ಯನ್. ಚೆಂಡನ್ನು ದೂರ ಹೊಡೆಯೋ ಶಕ್ತಿ ಇಲ್ಲದ ಸಣ್ಣ ಆಳು. 1938ರ ಪಿಜಿಎ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅವರ ಎದುರು ಸ್ಯಾಮ್ ಸ್ನೀಡ್. ಆಗ ಆ ಪಂದ್ಯಾವಳಿ ಮ್ಯಾಚ್ ಪ್ಲೇ, ಅಂದ್ರೆ ಯಾರು ಎಷ್ಟು ಹೋಲ್ ಗೆದ್ರು ಅನ್ನೋದೇ ಲೆಕ್ಕ. ಡ್ರೈವ್‌ನಲ್ಲಿ (ಟೀಯಿಂದ ಹೊಡೆಯೋ ಉದ್ದ ಹೊಡೆತ) ಸ್ನೀಡ್ ಬಹಳ ಮುಂದೆ ಹೋಗ್ತಿದ್ರೂ ರನ್ಯನ್ 8 ಮತ್ತು 7ರಿಂದ, ಅಂದ್ರೆ ಏಳು ಹೋಲ್ ಬಾಕಿ ಇರುವಾಗಲೇ ಎಂಟು ಹೋಲ್ ಮುಂದಿದ್ದು, ಗೆದ್ದರು. ಗ್ರೀನ್ ಸುತ್ತಲಿನ ಆಟವೇ ಅವರನ್ನು ಗೆಲ್ಲಿಸಿದ್ದು. ಅವರ ಚಿಪ್ ಅಂದ್ರೆ ಲಾಫ್ಟ್ ಇರೋ ಕ್ಲಬ್ಬಿನಿಂದ ಮಾಡಿದ ಪಟ್ (ಪಟ್ಟರ್ ಕ್ಲಬ್ಬಿನಿಂದ ಚೆಂಡು ಉರುಳಿಸೋ ಹೊಡೆತ). ಪಟ್ಟರ್ ಹಿಡಿದ ಹಾಗೇ ಹಿಡಿತ, ಮಣಿಕಟ್ಟು ಅಲುಗಾಡೋ ಹಾಗಿಲ್ಲ, ಶಾಫ್ಟ್ ಹೆಚ್ಚು ನೆಟ್ಟಗೆ, ಕ್ಲಬ್ಬಿನ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ. ಗಟ್ಟಿ ನೆಲದಲ್ಲಿ ಇದಕ್ಕಿಂತ ಒಳ್ಳೆ ಉಪಾಯ ನಾನು ನೋಡಿಲ್ಲ. ಕ್ಲಬ್ಬಿನ ಮುಂತುದಿ ಮಾತ್ರ ನೆಲ ಸವರೋದ್ರಿಂದ ಕಚ್ಚೋ ಜಾಗವೇ ಕಡಿಮೆ.

ಬಿಡದಿ ಬ್ಯಾಗ್

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕ್ಯಾಡಿಯಾಗಿ (ಆಟಗಾರರ ಬ್ಯಾಗ್ ಹೊರೋ ಕೆಲಸ) ಬಂದು ಈಗ ಮಕ್ಕಳಿಗೆ ಕಲಿಸ್ತಾ ಇದ್ದೀನಿ. ಬೆಳಗಿನ ಟೀ ಅಣ್ಣ, ನಿಮ್ಮ ಎರಡೂ ತಪ್ಪು ಹೊಡೆತ ನೋಡೋಕೆ ಬೇರೆ ಬೇರೆ, ಹುಟ್ಟೋ ಜಾಗ ಒಂದೇ. ಭಾರ ಹಿಂದಿನ ಕಾಲ ಮೇಲೆ ಉಳ್ಕೊಂಡು, ಮಣಿಕಟ್ಟು ಚೆಂಡನ್ನ ಎತ್ತೋಕೆ ಹೋಗುತ್ತೆ. ಆಗ ಕ್ಲಬ್ ಚೆಂಡಿಗಿಂತ ಹಿಂದೆನೇ ನೆಲ ಮುಟ್ಟುತ್ತೆ. ನೆಲ ಮೆತ್ತಗಿದ್ರೆ ಅಲ್ಲೇ ಹೂತ್ಕೊಳ್ಳುತ್ತೆ, ಗಟ್ಟಿ ಇದ್ರೆ ಪುಟಿದು ನೆತ್ತಿಗೆ ಬೀಳುತ್ತೆ.

ಮಾಡ್ಬೇಕಾದ್ದು ಇಷ್ಟೇ. ಎರಡು ಪಾದದ ನಡುವೆ ಒಂದು ಗೇಣು ಸಾಕು. ಬಲಗೈ ಆಟಗಾರ ಆದ್ರೆ ಭಾರ ಎಡಗಾಲ ಮೇಲೆ, ಹತ್ತರಲ್ಲಿ ಆರು ಏಳು ಪಾಲು. ಆ ಭಾರ ಹೊಡೆತ ಮುಗಿಯೋ ತನಕ ಅಲ್ಲೇ ಇರ್ಲಿ, ಹಿಂದಕ್ಕೆ ತೂಗಾಡ್ಬೇಡಿ. ಎದೆಯ ಗುಂಡಿಗಳು ಚೆಂಡಿಗಿಂತ ಒಂಚೂರು ಮುಂದೆ. ಹಿಡಿಕೆಯನ್ನ ಕೆಳಗೆ ಹಿಡೀರಿ. ಎದೆ ತಿರುಗ್ಲಿ, ಅದರ ಜೊತೆ ತೋಳು ಹೋಗ್ಲಿ. ಹೊಡೆದ್ಮೇಲೆ ಎದೆ ಫ್ಲ್ಯಾಗ್ ಕಡೆ ನೋಡ್ತಾ ಇರ್ಬೇಕು.

ಚೆಂಡು ಇಲ್ದೆ ನೆಲದ ಮೇಲೆ ಒಂದು ಗೆರೆ ಎಳೆದು ಸ್ವಿಂಗ್ ಮಾಡಿ. ಕ್ಲಬ್ ಗೆರೆ ಮೇಲೆ ಅಥವಾ ಗೆರೆಯಿಂದಾಚೆ ಸವರಿದ ಗುರುತು ಕಾಣ್ಬೇಕು. ಗೆರೆಗಿಂತ ಹಿಂದೆ ಗುರುತು ಬಿದ್ರೆ ಚೆಂಡು ಇಡೋಕೇ ಹೋಗ್ಬೇಡಿ. ಗೆರೆ ಸರಿ ಬರೋ ತನಕ ಅದೇ ಅಭ್ಯಾಸ.

ಚಾಮುಂಡಿ ತಪ್ಪಲು

ಸ್ಯಾಂಕಿ ಸರ್, ನಿಮ್ಮ ಲೆಕ್ಕ ನನಗೆ ಇಷ್ಟ, ಆದ್ರೆ ಹೊಸಬರಿಗೆ ನಾಲ್ಕು ಕ್ಲಬ್ ಕೊಟ್ಟು ಲೆಕ್ಕ ಹಾಕು ಅನ್ನೋದನ್ನ ನಾನು ಒಪ್ಪಲ್ಲ. ವಾರಕ್ಕೊಮ್ಮೆ ಆಡೋರು ಒಂದು ಕ್ಲಬ್ಬಿನ ಜೊತೆ ಸ್ನೇಹ ಬೆಳೆಸಿದ್ರೆ ಸಾಕು. ನಾನು ಎಲ್ಲಾ ಚಿಪ್ಪಿಗೂ 52 ಡಿಗ್ರಿ ತಗೋತೀನಿ. ಚೆಂಡು ಎಲ್ಲಿಡಬೇಕು, ಎಷ್ಟು ಹಿಂದಕ್ಕೆ ಎತ್ತಬೇಕು ಅಂತ ಬದಲಾಯಿಸ್ತೀನಿ ಅಷ್ಟೇ. ಕೈಗೆ ಆ ಕ್ಲಬ್ಬಿನ ತೂಕ ಗೊತ್ತು, ಬಿದ್ದ ಮೇಲೆ ಚೆಂಡು ಎಷ್ಟು ಓಡುತ್ತೆ ಅಂತ ಕಣ್ಣಿಗೆ ಗೊತ್ತು.

ಈಗ ಬೌನ್ಸ್ ವಿಷಯ. ವೆಡ್ಜನ್ನ ತಿರುಗಿಸಿ ತಳ ನೋಡಿ. ಮುಂದಿನ ಚೂಪು ಅಂಚಿಗಿಂತ ಹಿಂದಿನ ಅಂಚು ಕೆಳಗಿರುತ್ತೆ. ಆ ಕೋನವೇ ಬೌನ್ಸ್. ಸ್ಯಾಂಡ್ ವೆಡ್ಜ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಇರುತ್ತೆ. ದೋಣಿಯ ತಳ ನೀರಿನ ಮೇಲೆ ಜಾರೋ ಹಾಗೆ ಕ್ಲಬ್ ನೆಲದ ಮೇಲೆ ಜಾರಲಿ ಅಂತಲೇ ಅದನ್ನ ಹಾಗೆ ಮಾಡಿರೋದು. ನಿಮ್ಮ 60ರಲ್ಲಿ ಬೌನ್ಸ್ 8 ಡಿಗ್ರಿ ಇದೆ ಅಂತಿಟ್ಕೊಳ್ಳಿ. ಹಿಡಿಕೆಯನ್ನ ಗುರಿಯ ಕಡೆ 8 ಡಿಗ್ರಿ ವಾಲಿಸಿದ್ರೆ ಲಾಫ್ಟ್ 52 ಆಯ್ತು, ಬೌನ್ಸ್ ಸೊನ್ನೆ ಆಯ್ತು. ಇನ್ನೂ ವಾಲಿಸಿದ್ರೆ ಚೂಪು ಅಂಚು ಸೀದಾ ಮಣ್ಣಿಗೆ. "ಕೈ ಮುಂದೆ, ಕೈ ಮುಂದೆ" ಅಂತ ಕೇಳಿ ಕೇಳಿ ಜನ ಹಿಡಿಕೆಯನ್ನ ಎಡತೊಡೆಯ ಆಚೆಗೇ ತಳ್ಳಿಬಿಡ್ತಾರೆ. ಆಮೇಲೆ ಒಂದು ಅಂಗುಲ ಹಿಂದೆ ಬಿದ್ರೂ ಕ್ಷಮೆ ಇಲ್ಲ.

ಕೈ ಮುಂದೆ ಇರಲಿ, ಒಂದೇ ಒಂದು ಚೂರು. ಹಿಡಿಕೆಯ ತುದಿ ಪ್ಯಾಂಟಿನ ಬೆಲ್ಟ್ ಬಕಲ್‌ಗಿಂತ ಸ್ವಲ್ಪ ಎಡಕ್ಕೆ ನೋಡಿದ್ರೆ ಸಾಕು. ನಿಮ್ಮ ಎರಡನೇ ಪ್ರಶ್ನೆಗೆ ಇದೇ ನನ್ನ ಉತ್ತರ: ಎರಡೂ ನಿಜ, ಪ್ರಮಾಣದಲ್ಲಿ ವ್ಯತ್ಯಾಸ.

ಸ್ಯಾಂಕಿ ರಸ್ತೆ

ಮೇಡಂ, ಬೌನ್ಸ್ ಬಗ್ಗೆ ನೀವು ಬರೆದದ್ದು ಬಹಳ ಸ್ಪಷ್ಟವಾಗಿದೆ. ಒಂದು ಸೇರಿಸ್ತೀನಿ. ಬೇಸಿಗೆಯ ಒಣ ಮಣ್ಣಿನ ಮೇಲೆ ಮುಖ ಆಕಾಶದ ಕಡೆ ತೆರೆದಿಟ್ಟ ಹೆಚ್ಚು ಬೌನ್ಸಿನ ಕ್ಲಬ್ ಜಾರೋದಿಲ್ಲ, ಪುಟಿಯುತ್ತೆ. ಮುಖ ತೆರೆದಷ್ಟೂ ಬೌನ್ಸ್ ಹೆಚ್ಚುತ್ತೆ. ಆದ್ರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಮುಖ ನೇರ ಇಡಿ. ಮುಖ ತೆರೆದು ಆಡೋ ಹೊಡೆತ ಮಳೆ ಬಂದ ಮೇಲೆ, ಚೆಂಡಿನ ಕೆಳಗೆ ಹುಲ್ಲು ಇದ್ದಾಗ.

ಒಂದು ಕ್ಲಬ್, ನಾಲ್ಕು ಕ್ಲಬ್ ಚರ್ಚೆಯಲ್ಲಿ ನಾನು ನನ್ನ ಪಕ್ಷದಲ್ಲೇ ಇರ್ತೀನಿ. ಒಂದೇ ಕ್ಲಬ್ಬಿನಲ್ಲಿ ಹೊಡೆತ ಬದಲಾಗಬೇಕು, ನಾಲ್ಕು ಕ್ಲಬ್ಬಿನಲ್ಲಿ ಹೊಡೆತ ಅದೇ ಇದ್ದು ಕ್ಲಬ್ ಬದಲಾಗುತ್ತೆ. ಅಭ್ಯಾಸಕ್ಕೆ ಸಮಯ ಇಲ್ಲದವರಿಗೆ ಎರಡನೆಯದು ಸುಲಭ.

ಚಾಮುಂಡಿ ತಪ್ಪಲು

ಅದು ನಿಜ, ಅವರವರ ಕೈಗೆ ಬಿಟ್ಟದ್ದು. ಆದ್ರೆ ಟಿವಿಯಲ್ಲಿ ನೋಡಿದ ಎತ್ತರದ ಹೊಡೆತಗಳನ್ನ ಎಲ್ಲರೂ ಅನುಕರಿಸಬೇಕಿಲ್ಲ ಅನ್ನೋದ್ರಲ್ಲಿ ನಾವಿಬ್ಬರೂ ಒಂದೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ಆಡಿದ್ದು ನೆನಪಿದೆಯಾ? ಡ್ರೈವ್ ದೂರದಲ್ಲಿ ಮುಂಚೂಣಿಯವರಿಗಿಂತ ಬಹಳ ಹಿಂದೆ ಇದ್ದು, ಗ್ರೀನ್ ಮೇಲೆ ಮತ್ತು ಗ್ರೀನ್ ಸುತ್ತ ಆಡಿದ ಆಟದಿಂದಲೇ 15 ಅಂಡರ್ (ನಿಗದಿತ ಹೊಡೆತಕ್ಕಿಂತ 15 ಕಡಿಮೆ) ತಲುಪಿ ನಾಲ್ಕನೆಯವರಾದ್ರು. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಏನು ಅಂತಲೇ ಗೊತ್ತಿಲ್ಲದ ನಮ್ಮ ಓಣಿಯವರೂ ಟಿವಿ ಮುಂದೆ ಕೂತಿದ್ರು. ಹುಡುಗಿಯರು ಈಗ ಕೋರ್ಸಿಗೆ ಬರ್ತಿದ್ದಾರೆ ಅಂದ್ರೆ ಅದರಲ್ಲಿ ಆಕೆಯ ಪಾಲು ದೊಡ್ಡದು. ನಮ್ಮ ಮೈಸೂರಿನ ಪ್ರಣವಿ ಅರಸ್ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಜೊತೆ ತಂಡದಲ್ಲಿದ್ರು. ಅದಿತಿಗೆ ವೈಯಕ್ತಿಕ ಬೆಳ್ಳಿ ಬಂದದ್ದು ಅಲ್ಲೇ.

ಡಂಡಿ ಗಾಳಿ

ಸ್ಕಾಟ್ಲೆಂಡಿನಿಂದ ಬರೀತಿದ್ದೀನಿ, ಮೂಲ ಧಾರವಾಡ. ನೀವೆಲ್ಲಾ ಒಂದು ಕ್ಲಬ್ ಮರೆತೀರಿ: ಪಟ್ಟರ್.

ಇಲ್ಲಿ ಸಮುದ್ರದ ದಂಡಿಯ ಲಿಂಕ್ಸ್ ಕೋರ್ಸ್‌ಗಳಲ್ಲಿ ಮರಳು ನೆಲ, ಗಿಡ್ಡ ಹುಲ್ಲು, ಕೆಳಗೆ ಗಟ್ಟಿ. ಬೆಂಗಳೂರಿನ ಏಪ್ರಿಲ್ ನೆಲಕ್ಕೂ ಇದಕ್ಕೂ ಆಟದ ದೃಷ್ಟಿಯಿಂದ ಭಾಳ ದೂರ ಇಲ್ಲ. ಗ್ರೀನಿನಿಂದ ಇಪ್ಪತ್ತು ಹೆಜ್ಜೆ ಆಚೆ ಇದ್ರೂ ಇಲ್ಲಿಯವರು ಪಟ್ಟರ್ ತೆಗೀತಾರ. ಯಾರೂ ನಗಂಗಿಲ್ಲ.

1995ರ ಓಪನ್ (ಬ್ರಿಟನ್ನಿನ ದೊಡ್ಡ ಪಂದ್ಯಾವಳಿ), ಸೇಂಟ್ ಆಂಡ್ರ್ಯೂಸ್. ಹದಿನೆಂಟನೇ ಗ್ರೀನಿನ ಮುಂದೆ ಒಂದು ತಗ್ಗು ಅದ, ವ್ಯಾಲಿ ಆಫ್ ಸಿನ್ ಅಂತಾರ. ಕಾಸ್ಟಾಂಟಿನೋ ರೊಕ್ಕಾಗ ಜಾನ್ ಡಾಲಿ ಜೊತಿ ಸಮ ಮಾಡಿ ಪ್ಲೇಆಫ್ ಆಡಲಿಕ್ಕೆ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮಿ) ಬೇಕಿತ್ತು. ಚಿಪ್ ಮಾಡಲಿಕ್ಕೆ ಹೋದ್ರು, ಕ್ಲಬ್ ನೆಲ ಕಚ್ಚಿ ಚೆಂಡು ಆ ತಗ್ಗಿನಾಗೇ ಉಳೀತು. ಮುಂದಿನ ಹೊಡೆತಕ್ಕ ಪಟ್ಟರ್ ತಗೊಂಡ್ರು. ಸುಮಾರು 60 ಅಡಿ, ತಗ್ಗಿನಿಂದ ಏರಿ ಬಂದು ಚೆಂಡು ಗುಳಿಯೊಳಗ ಬಿತ್ತು. ಪ್ಲೇಆಫ್‌ನಾಗ ಡಾಲಿ ಗೆದ್ರು, ಅದು ಬ್ಯಾರೆ ಮಾತು. ಒಂದೇ ಜಾಗದಾಗ, ಒಬ್ಬನೇ ಆಟಗಾರ, ಎರಡು ಕ್ಲಬ್ಬಿನ ನಡುವಿನ ಅಂತರ ಇಡೀ ಜಗತ್ತು ನೋಡಿತು.

ಪಟ್ಟರ್‌ಗೆ ಹುಲ್ಲು ಅಡ್ಡ ಬರ್ತದ ಅಂದ್ರ ಹೈಬ್ರಿಡ್ (ಐರನ್, ವುಡ್ ಎರಡರ ನಡುವಿನ ಕ್ಲಬ್) ಅದ. 2004ರಾಗ ರಾಯಲ್ ಟ್ರೂನ್‌ನಲ್ಲಿ ಟಾಡ್ ಹ್ಯಾಮಿಲ್ಟನ್ ಪ್ಲೇಆಫಿನ ಕಡೇ ಹೋಲ್‌ನಾಗ ಹೈಬ್ರಿಡ್‌ನಿಂದ ಚೆಂಡನ್ನ ನೆಲದ ಮೇಲೇ ಓಡಿಸಿ ಗುಳಿಯ ಹತ್ತಿರ ಇಟ್ರು. ಎರ್ನಿ ಎಲ್ಸ್ ಅಂಥಾ ಆಟಗಾರನ ವಿರುದ್ಧ ಓಪನ್ ಗೆದ್ದದ್ದು ಆ ಹೊಡೆತದಿಂದ. ಪಟ್ಟರ್ ಹಿಡಿದಂಗ ಹಿಡೀರಿ, ಗ್ರಿಪ್ಪಿನ ಕೆಳತುದಿಗೆ ಕೈ ಇಡ್ರಿ, ಪಟ್ ಮಾಡ್ರಿ. ಚೆಂಡು ಒಂದು ಸಣ್ಣ ಜಿಗಿತ ಜಿಗಿದು ಓಡ್ತದ.

ಬೆಳಗಿನ ಟೀ

ಇಷ್ಟೆಲ್ಲಾ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಇವತ್ತು ಸಂಜೆ ಪ್ರಾಕ್ಟೀಸ್ ಗ್ರೀನಿನಲ್ಲಿ 9 ಐರನ್ ಮತ್ತು ಪಟ್ಟರ್ ಎರಡನ್ನೂ ನೋಡಿದೆ. ಗೆರೆ ಎಳೆಯೋ ಅಭ್ಯಾಸದಲ್ಲಿ ಮೊದಲು ಗುರುತು ಹಿಂದೇ ಬೀಳ್ತಿತ್ತು. ಭಾರ ಎಡಗಾಲಿಗೆ ಹಾಕಿದ ತಕ್ಷಣ ಮುಂದೆ ಬಂತು. ಬಿಡದಿ ಅಣ್ಣ, ಇದನ್ನ ಇಷ್ಟು ಸರಳವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆದ್ರೆ ಹನ್ನೆರಡರ ಲೆಕ್ಕ ಒಂದು ಕಡೆ ಸರಿ ಬಂದು ಇನ್ನೊಂದು ಕಡೆ ಬರಲಿಲ್ಲ. ಅದೇ ಗ್ರೀನು, ಅದೇ ದೂರ, ಎದುರು ದಿಕ್ಕಿನಿಂದ ಆಡಿದ್ರೆ ಚೆಂಡು ಎರಡು ಹೆಜ್ಜೆ ಮೊದಲೇ ನಿಲ್ತಿತ್ತು. ಇಳಿಜಾರು ಏನೂ ಕಾಣಲಿಲ್ಲ.

ಕಾಫಿ ತೋಟ

ಅದು ಹುಲ್ಲಿನ ಮುಖ. ನಮ್ಮ ಕಡೆ ಗ್ರೀನ್‌ಗಳಲ್ಲಿ ಹೆಚ್ಚಾಗಿ ಇರೋದು ಬರ್ಮುಡಾ ಹುಲ್ಲು. ಗಣಪತಿಗೆ ಏರಿಸೋ ಗರಿಕೆಯ ಕುಲದ್ದೇ, ಗ್ರೀನಿಗಾಗಿ ಗಿಡ್ಡ ಮಾಡಿ ಬೆಳೆಸಿದ ತಳಿಗಳು. ಗರಿಕೆ ಮನೆ ಅಂಗಳದಲ್ಲಿ ಹೇಗೆ ಬಳ್ಳಿ ಬಿಟ್ಟು ಹಬ್ಬುತ್ತೋ ಇದೂ ಹಾಗೇ ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತೆ. ಮಲಗಿದ ದಿಕ್ಕಿಗೆ ಆಡಿದ್ರೆ ಚೆಂಡು ಓಡುತ್ತೆ, ಎದುರು ಆಡಿದ್ರೆ ಬೇಗ ನಿಲ್ಲುತ್ತೆ.

ಕಂಡುಹಿಡಿಯೋದು ಕಷ್ಟ ಇಲ್ಲ. ನೀವು ನಿಂತ ಕಡೆಯಿಂದ ಗ್ರೀನ್ ಮಿಂಚಿದ ಹಾಗೆ ತಿಳಿಬಣ್ಣಕ್ಕೆ ಕಂಡ್ರೆ ಹುಲ್ಲು ನಿಮ್ಮಿಂದ ದೂರಕ್ಕೆ ಮಲಗಿದೆ. ದಟ್ಟ ಹಸಿರಾಗಿ ಕಂಡ್ರೆ ನಿಮ್ಮ ಕಡೆಗೆ ಮಲಗಿದೆ. ಗುಳಿಯ ಬಾಯಿ ಹತ್ತಿರ ಬಗ್ಗಿ ನೋಡಿದ್ರೂ ತಿಳಿಯುತ್ತೆ: ಒಂದು ಕಡೆ ಅಂಚು ನೀಟಾಗಿ ಕೊಯ್ದ ಹಾಗೆ, ಇನ್ನೊಂದು ಕಡೆ ಒಣಗಿ ಚಿಂದಿಯಾಗಿ ಇರುತ್ತೆ. ಚಿಂದಿಯಾದ ಕಡೆಗೆ ಹುಲ್ಲಿನ ಮುಖ.

ಚಿಪ್ ಮಾಡೋವಾಗ ಗ್ರೀನಿಗಿಂತ ಹೆಚ್ಚು ತೊಂದರೆ ಕೊಡೋದು ಅಂಚಿನ ಹುಲ್ಲು. ಅಲ್ಲಿ ಹುಲ್ಲು ನಿಮ್ಮ ಕಡೆ ಮುಖ ಮಾಡಿದ್ರೆ ಕ್ಲಬ್ಬಿನ ಚೂಪು ಅಂಚು ಅದರ ಬುಡಕ್ಕೆ ಸಿಕ್ಕಿಕೊಳ್ಳುತ್ತೆ. ಆಗ ಲಾಫ್ಟ್ ಇಳಿಸಿ, 8 ಐರನ್, ಪಟ್ಟರಿನ ಹೊಡೆತ. ಡಂಡಿ ಅಣ್ಣನ ಪಟ್ಟರ್ ಉಪಾಯ ಇಲ್ಲಿ ಎಲ್ಲಾ ಕಡೆ ನಡೆಯಲ್ಲ ಅನ್ನೋದೂ ಇದಕ್ಕೇ. ಮುಖ ಎದುರಿರೋ ಉದ್ದ ಗರಿಕೆಯಲ್ಲಿ ಪಟ್ಟರಿನ ಚೆಂಡು ಮೊದಲ ಎರಡು ಹೆಜ್ಜೆಯಲ್ಲೇ ಸುಸ್ತಾಗುತ್ತೆ. ಸ್ಕಾಟ್ಲೆಂಡಿನ ಹುಲ್ಲು ಬೇರೆ.

ನಮ್ಮ ಕೊಡಗಿನಲ್ಲಿ ಜೂನ್ ಬಂದ್ರೆ ಇಡೀ ಲೆಕ್ಕ ತಲೆಕೆಳಗು. ನೆಲ ನೀರು ಹೀರಿಕೊಂಡು ಮೆತ್ತಗಾಗುತ್ತೆ, ಗ್ರೀನ್ ನಿಧಾನ, ಫ್ರಿಂಜ್‌ನಲ್ಲಿ (ಗ್ರೀನಿನ ಅಂಚಿನ ಹುಲ್ಲಿನ ಪಟ್ಟಿ) ಬಿದ್ದ ಚೆಂಡು ಅಲ್ಲೇ ಕೂರುತ್ತೆ. ಆಗ ಗ್ರೀನಿನ ಒಳಕ್ಕೇ ಹಾರಿಸಬೇಕು, ಬೌನ್ಸ್ ಹೆಚ್ಚಿರೋ ವೆಡ್ಜ್ ಬೇಕು. ಹೊಡೆತಕ್ಕೆ ಮೊದಲು ಕ್ಲಬ್ ಮುಖ ಒರೆಸಿಕೊಳ್ಳಿ. ಮುಖಕ್ಕೂ ಚೆಂಡಿಗೂ ನಡುವೆ ನೀರು ಬಂದ್ರೆ ಸ್ಪಿನ್ ಹೋಗುತ್ತೆ.

ಡಂಡಿ ಗಾಳಿ

ಒಪ್ಪಿದೆ ಕಾಫಿ ತೋಟ ಅವರ. ನಮ್ಮಲ್ಲಿ ಫೆಸ್ಕ್ಯೂ ಹುಲ್ಲು, ಸಣ್ಣ ಎಳೆ, ಚೆಂಡನ್ನ ಹಿಡಿಯಂಗಿಲ್ಲ. ಗರಿಕಿಯೊಳಗ ಆಡಿದವರ ಮಾತು ಕೇಳಬೇಕು.

ಹೆಸರು ಬೇಡ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನಗೆ ತಂತ್ರ ಎಲ್ಲಾ ಗೊತ್ತಿದೆ. ಅಭ್ಯಾಸದಲ್ಲಿ ಸರಿ ಬರುತ್ತೆ. ಪಂದ್ಯದಲ್ಲಿ ಚೆಂಡಿನ ಮುಂದೆ ನಿಂತ ಕೂಡಲೇ ಬಲಗೈ ತಾನಾಗೇ ಝಾಡಿಸುತ್ತೆ. ಜೊತೆಗಾರರು ನೋಡ್ತಿದ್ರೆ ಇನ್ನೂ ಹೆಚ್ಚು. ಗ್ರೀನ್ ತಪ್ಪಿದ್ರೆ ಸಾಕು, ನಡೆದು ಹೋಗೋವಾಗಲೇ ಎದೆ ಹೊಡ್ಕೊಳ್ಳುತ್ತೆ.

ಬಿಡದಿ ಬ್ಯಾಗ್

ಖಂಡಿತ ಕೇಳ್ಬಹುದು ಅಣ್ಣ. ಇದಕ್ಕೆ ಯಿಪ್ಸ್ ಅಂತಾರೆ, ದೊಡ್ಡ ದೊಡ್ಡೋರಿಗೂ ಬಂದಿದೆ. 2015ರಲ್ಲಿ ಫೀನಿಕ್ಸ್‌ನಲ್ಲಿ ಟೈಗರ್ ವುಡ್ಸ್ ಒಂದು ಸುತ್ತಿಗೆ 82 ಹೊಡೆತ ತಗೊಂಡ್ರು, ಅವರಂಥವರಿಗೆ ಅದು ತುಂಬಾ ಹೆಚ್ಚು. ಗ್ರೀನ್ ಪಕ್ಕದಲ್ಲಿ ಅವರ ಚಿಪ್ ನೋಡಿ ಜನ ಕಣ್ಣನ್ನೇ ನಂಬ್ಲಿಲ್ಲ. 2005ರ ಮಾಸ್ಟರ್ಸ್ ಹದಿನಾರನೇ ಹೋಲ್‌ನಲ್ಲಿ ಆ ಪ್ರಸಿದ್ಧ ಚಿಪ್ ಹಾಕಿದ ಅದೇ ಕೈ ಅದು. ಅದೇ ಟೈಗರ್ 2019ರಲ್ಲಿ ಮತ್ತೆ ಮಾಸ್ಟರ್ಸ್ ಗೆದ್ರು.

ನನ್ನ ಹುಡುಗ್ರಿಗೆ ನಾನು ಮಾಡಿಸೋದು: ಹಿಡಿತವನ್ನೇ ಬದಲಾಯಿಸು. ಎಡಗೈ ಕೆಳಗೆ, ಬಲಗೈ ಮೇಲೆ. 2022ರ ಯುಎಸ್ ಓಪನ್ ಗೆದ್ದ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಚಿಪ್ ಮಾಡೋದೇ ಹಾಗೆ. ಝಾಡಿಸೋ ಬಲಗೈಗೆ ಕೆಲ್ಸಾನೇ ಇರಲ್ಲ. ಮೊದಲ ದಿನ ವಿಚಿತ್ರ ಅನ್ಸುತ್ತೆ, ಆದ್ರೆ ಹಳೇ ಭಯ ಕೂತಿರೋದು ಹಳೇ ಹಿಡಿತದಲ್ಲಿ. ಇನ್ನೊಂದು, ಚೆಂಡು ನೋಡ್ಬೇಡಿ. ಬೀಳ್ಬೇಕಾದ ಜಾಗದಲ್ಲಿ ಟವೆಲ್ ಹಾಸಿ, ಅದನ್ನೇ ನೋಡ್ತಾ ಹೊಡೀರಿ. ಮೊದ್ಲು ಚೆಂಡನ್ನ ಕೈಯಿಂದ ಟವೆಲ್ ಮೇಲೆ ಎಸೀರಿ, ಆಮೇಲೆ ಕ್ಲಬ್.

ಹೆಸರು ಬೇಡ

ತುಂಬಾ ಧನ್ಯವಾದ. ಹಿಡಿತ ಬದಲಾಯಿಸೋ ಮಾತು ಮೊದಲ ಸಲ ಕೇಳ್ತಿದ್ದೀನಿ. ನಾಳೆಯಿಂದಲೇ ಶುರು.

ಸ್ಯಾಂಕಿ ರಸ್ತೆ

ಧೈರ್ಯವಾಗಿ ಕೇಳಿದ್ರಿ, ಒಳ್ಳೇದಾಯ್ತು. ನಾನೂ ಒಂದು ಸೇರಿಸಲಾ? ಎದುರಿಗೆ ನಿಂತಾಗ "ತಪ್ಪಬಾರದು" ಅನ್ನೋದ್ರ ಬದಲು ಗುಳಿಗೇ ಹಾಕೋ ಯೋಚನೆಯಿಂದ ನಿಲ್ಲಿ. 1982ರ ಯುಎಸ್ ಓಪನ್‌ನಲ್ಲಿ, ಪೆಬಲ್ ಬೀಚ್‌ನ ಹದಿನೇಳನೇ ಹೋಲ್‌ನಲ್ಲಿ ಟಾಮ್ ವಾಟ್ಸನ್ ಚೆಂಡು ಗ್ರೀನ್ ಎಡಕ್ಕೆ ಹುಲ್ಲಿನಲ್ಲಿ ಬಿದ್ದಿತ್ತು. ಮುಂದೆ ಇಳಿಜಾರು. ಜ್ಯಾಕ್ ನಿಕ್ಲಾಸ್ ಜೊತೆ ಸಮ ಇದ್ದರು. ಕ್ಯಾಡಿ ಹತ್ತಿರ ಇಡಿ ಅಂದ್ರು, ವಾಟ್ಸನ್ ಗುಳಿಗೇ ಹಾಕ್ತೀನಿ ಅಂದ್ರು, ಹಾಗೇ ಹಾಕಿದ್ರು. ಎರಡು ಹೊಡೆತದಿಂದ ಗೆದ್ದರು. ಆಯ್ಕೆ ಸ್ಯಾಂಡ್ ವೆಡ್ಜ್, ಯಾಕಂದ್ರೆ ಅಲ್ಲಿ ಚೆಂಡು ಹುಲ್ಲಿನಲ್ಲಿತ್ತು, ಉರುಳೋಕೆ ಜಾಗ ಕಡಿಮೆ ಇತ್ತು. ನೆಲ ನೋಡಿ ಕ್ಲಬ್ ಅನ್ನೋದಕ್ಕೆ ಅದೂ ಸಾಕ್ಷಿಯೇ.

ಬೆಳಗಿನ ಟೀ

ಕೊನೇದಾಗಿ ನಿಯಮದ ಒಂದು ಅನುಮಾನ. ಫ್ರಿಂಜ್‌ನಲ್ಲಿ ಚೆಂಡು ಇದೆ, ಪಟ್ಟರ್ ತಗೊಂಡೆ ಅಂತಿಟ್ಕೊಳ್ಳಿ. ದಾರಿಯಲ್ಲಿ ಸ್ಪ್ರಿಂಕ್ಲರ್ ತಲೆ ಇದೆ, ಅದರ ಸುತ್ತ ಮರಳು ಚೆಲ್ಲಿದೆ. ಮರಳು ಒರೆಸಬಹುದಾ? ಚೆಂಡು ಎತ್ತಿ ಬೇರೆ ಕಡೆ ಇಡಬಹುದಾ?

ನಿಯಮ ಪುಸ್ತಕ

ಮರಳು ಮತ್ತು ಸಡಿಲ ಮಣ್ಣನ್ನು ಗ್ರೀನ್ ಮೇಲೆ ಮಾತ್ರ ಒರೆಸಬಹುದು. ಫ್ರಿಂಜ್ ಗ್ರೀನಿನ ಭಾಗ ಅಲ್ಲ. ಅಲ್ಲಿ ನಿಮ್ಮ ದಾರಿಯ ಮರಳು ಒರೆಸಿದ್ರೆ ದಂಡ ಬೀಳುತ್ತೆ. ಒಣ ಎಲೆ, ಕಡ್ಡಿ ತೆಗೆಯಬಹುದು, ಚೆಂಡು ಅಲುಗದ ಹಾಗೆ ನೋಡ್ಕೊಳ್ಳಿ.

ಸ್ಪ್ರಿಂಕ್ಲರ್ ತಲೆ ನಿಮ್ಮ ನಿಲುವಿಗೆ, ಸ್ವಿಂಗಿಗೆ ಅಥವಾ ಚೆಂಡಿಗೇ ಅಡ್ಡಿಯಾದ್ರೆ ದಂಡವಿಲ್ಲದೆ ಪರಿಹಾರ ಸಿಗುತ್ತೆ. ಬರೀ ದಾರಿಗೆ ಅಡ್ಡ ಅಂದ್ರೆ ಸಾಮಾನ್ಯ ನಿಯಮದಲ್ಲಿ ಪರಿಹಾರ ಇಲ್ಲ. ಆದ್ರೆ ಕ್ಲಬ್ ಸ್ಥಳೀಯ ನಿಯಮ ಮಾಡಿಕೊಂಡಿದ್ರೆ ಸಿಗುತ್ತೆ: ಸ್ಪ್ರಿಂಕ್ಲರ್ ಗ್ರೀನಿನಿಂದ ಎರಡು ಕ್ಲಬ್ ಉದ್ದದೊಳಗೆ ಇರಬೇಕು, ನಿಮ್ಮ ಚೆಂಡಿನಿಂದಲೂ ಎರಡು ಕ್ಲಬ್ ಉದ್ದದೊಳಗೆ ಇರಬೇಕು. ಸ್ಕೋರ್‌ಕಾರ್ಡಿನ ಹಿಂಬದಿ ನೋಡಿ.

ಚಿಪ್ ಮಾಡೋವಾಗ ಕ್ಲಬ್ ಚೆಂಡಿಗೆ ಎರಡು ಸಲ ತಗುಲಿದ್ರೆ ಏನು ಅಂತ ಮುಂದಿನ ಪ್ರಶ್ನೆ ಬರಬಹುದು, ಈಗಲೇ ಹೇಳಿಬಿಡ್ತೀನಿ. 2019ರಿಂದ ಅಕಸ್ಮಾತ್ ಆದ್ರೆ ದಂಡ ಇಲ್ಲ, ಒಂದೇ ಹೊಡೆತ ಅಂತ ಲೆಕ್ಕ. ಮೊದಲು ಒಂದು ದಂಡ ಇತ್ತು. 1985ರ ಯುಎಸ್ ಓಪನ್‌ನಲ್ಲಿ ತೈವಾನಿನ ಟಿ. ಸಿ. ಚೆನ್ ಕೊನೆಯ ಸುತ್ತಿನಲ್ಲಿ ನಾಲ್ಕು ಹೊಡೆತ ಮುಂದಿದ್ರು. ಐದನೇ ಹೋಲ್‌ನಲ್ಲಿ ಉದ್ದ ಹುಲ್ಲಿನಿಂದ ಆಡಿದ ಚಿಪ್ ಎರಡು ಸಲ ಕ್ಲಬ್ಬಿಗೆ ತಗುಲಿತು, ಆ ಹೋಲ್‌ನಲ್ಲಿ 8 ಹೊಡೆತ ಆಯ್ತು. ಕೊನೆಗೆ ಆ್ಯಂಡಿ ನಾರ್ತ್ ಒಂದೇ ಹೊಡೆತದಿಂದ ಗೆದ್ದರು.

ಬೆಳಗಿನ ಟೀ

ಕಾರ್ಡಿನ ಹಿಂದೆ ನೋಡಿದೆ ಸರ್, ಸ್ಪ್ರಿಂಕ್ಲರ್ ನಿಯಮ ನಮ್ಮಲ್ಲಿ ಇದೆ. ಪರಿಹಾರ ತಗೊಂಡು ಚೆಂಡು ಬಿಡೋದು ಮೊಣಕಾಲು ಎತ್ತರದಿಂದ ತಾನೇ?

ನಿಯಮ ಪುಸ್ತಕ

ಹೌದು, ಮೊಣಕಾಲು ಎತ್ತರದಿಂದ. ಗುಳಿಗೆ ಹತ್ತಿರ ಆಗಬಾರದು, ಗ್ರೀನ್ ಮೇಲೂ ಆಗಬಾರದು.